ಡೇಟಾಬೇಸ್ ಸರ್ವರ್‌ನ ಎಚ್ಚರಿಕೆಗಳು: ಪರಿಶೀಲನೆ ಮತ್ತು ನಿರ್ವಹಣೆ

ಬಿಲ್ಲು, ದಾಸ್ತಾನು, ಗಿರಾಕಿಗಳ ಬಾಕಿ, ಜಿಎಸ್‌ಟಿ ವಿವರ ಎಲ್ಲವೂ ಇಂದು ಅನೇಕ ಸಣ್ಣ ಉದ್ದಿಮೆಗಳಲ್ಲಿ ಒಂದೇ ಡೇಟಾಬೇಸ್ ಸರ್ವರ್‌ನಲ್ಲಿರುತ್ತವೆ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ, ವಾರ್ಷಿಕ ವಿವರಪಟ್ಟಿ ಸಲ್ಲಿಸುವ ಅಂತಿಮ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕು. ಆದುದರಿಂದ ಸರ್ವರ್ ನೀಡುವ ಎಚ್ಚರಿಕೆಗಳನ್ನು ತಂತ್ರಜ್ಞರ ಪಾಲಿಗೆ ಬಿಟ್ಟು ಮಾಲೀಕರು ನಿಶ್ಚಿಂತರಾಗಿರುವಂತಿಲ್ಲ.

ತಲುಪದ ಎಚ್ಚರಿಕೆ

2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ತಂತ್ರಜ್ಞರೊಬ್ಬರು ಕಣ್ತಪ್ಪಿನಿಂದ ಮುಖ್ಯ ಸರ್ವರ್‌ನ ದತ್ತಾಂಶವನ್ನು ಅಳಿಸಿದರು. ನಿತ್ಯದ ಬ್ಯಾಕಪ್ ಹುಡುಕಿದರೆ ಅದು ಇರಲೇ ಇಲ್ಲ. ತಂತ್ರಾಂಶದ ಆವೃತ್ತಿಗಳು ಹೊಂದದೆ ಬ್ಯಾಕಪ್ ವಿಫಲವಾಗುತ್ತಿತ್ತು. ಅದನ್ನು ತಿಳಿಸುವ ಇ-ಮೇಲ್‌ಗಳು ದೃಢೀಕರಣದ ಕೊರತೆಯಿಂದ ತಿರಸ್ಕೃತವಾಗುತ್ತಿದ್ದವು. ಸುಮಾರು ಆರು ಗಂಟೆ ಮೊದಲು ಬೇರೆ ಕೆಲಸಕ್ಕಾಗಿ ತೆಗೆದಿದ್ದ ಪ್ರತಿಯೊಂದು ಸಂಸ್ಥೆಯನ್ನು ಉಳಿಸಿತು. ಅನಂತರದ ದತ್ತಾಂಶ ಮರಳಲಿಲ್ಲ. ಎಚ್ಚರಿಕೆ ಬಾರದಿರುವುದು ಕ್ಷೇಮದ ಲಕ್ಷಣವಲ್ಲವೆಂಬುದೇ ಇಲ್ಲಿನ ಪಾಠ.

ವಿಂಗಡಣೆ

ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ಬಳಸುವವರು ಈ ಸಂಖ್ಯೆಗಳನ್ನು ಗಮನದಲ್ಲಿಡಬೇಕು:

• 823, 824: ಡಿಸ್ಕ್‌ನಿಂದ ಓದುವಲ್ಲಿ ದೋಷ ಅಥವಾ ದತ್ತಾಂಶದ ಹಾನಿ. ತಂತ್ರಜ್ಞರನ್ನು ಕೂಡಲೇ ಕರೆಸಬೇಕು. ಹಳೆಯ ಬ್ಯಾಕಪ್ ಅಳಿಸಕೂಡದು.

• 9002: ವಹಿವಾಟಿನ ಲಾಗ್ ತುಂಬಿದೆ. ಹೊಸ ಬಿಲ್ಲು ದಾಖಲಾಗದು.

• 18456: ಲಾಗಿನ್ ವಿಫಲ. ಒಂದೆರಡಾದರೆ ಪಾಸ್‌ವರ್ಡ್ ತಪ್ಪಿರಬಹುದು. ರಾತ್ರಿಯಿಡೀ ಬಂದರೆ ಯಾರೋ ಒಳನುಗ್ಗಲು ಯತ್ನಿಸುತ್ತಿರುವ ಶಂಕೆಗೆ ಆಸ್ಪದವುಂಟು.

• 825: ಮೊದಲು ಓದಲಾಗದೆ, ಮರುಯತ್ನದಲ್ಲಿ ಓದಲಾಯಿತು. ಸರ್ವರ್ ಇದಕ್ಕೆ ಕೊಡುವ ತೀವ್ರತೆ ಕೇವಲ 10, ಅಂದರೆ ಬರಿಯ ಮಾಹಿತಿ. ಆದರೆ ಡಿಸ್ಕ್ ಕೆಡುತ್ತಿರುವುದರ ಮುನ್ಸೂಚನೆ ಇದೇ ಆಗಿರಬಹುದು. ತೀವ್ರತೆಯನ್ನಷ್ಟೇ ನೋಡುವ ವ್ಯವಸ್ಥೆಗೆ ಇದು ಕಾಣದು. ಸಂಖ್ಯೆಯ ಮೂಲಕ ಪ್ರತ್ಯೇಕ ಎಚ್ಚರಿಕೆ ಏರ್ಪಡಿಸಬೇಕು.

ಇವುಗಳನ್ನು ಇ-ಮೇಲ್ ಮಾಡುವ 'ಏಜೆಂಟ್' ಸೌಲಭ್ಯವು ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿಲ್ಲ. ಅದನ್ನು ಬಳಸುವವರು ಸರ್ವರ್‌ನ ದೋಷ ದಾಖಲೆಯನ್ನು ದಿನವೂ ತೆರೆದು ನೋಡುವ ಏರ್ಪಾಡು ಮಾಡಿಕೊಳ್ಳುವುದು ಅನಿವಾರ್ಯ.

ನಿರ್ವಹಣೆ

ಒಂದೇ ಸಂದೇಶ ದಿನಕ್ಕೆ ನೂರು ಬಾರಿ ಬಂದರೆ ಯಾರೂ ಓದುವುದಿಲ್ಲ. ಪುನರಾವರ್ತನೆಗೆ ಕಾಲಾಂತರ ನಿಗದಿಪಡಿಸಬೇಕು. ಕಾರಣ ತಿಳಿಯದೆ ಎಚ್ಚರಿಕೆಯನ್ನೇ ನಿಲ್ಲಿಸಬಾರದು. ಪ್ರತಿ ಎಚ್ಚರಿಕೆಗೂ ಹೊಣೆಗಾರರೊಬ್ಬರು, ಅವರು ರಜೆಯಲ್ಲಿದ್ದಾಗ ಬದಲಿಗೊಬ್ಬರು ಇರಬೇಕು. ದಿನಾಂಕ, ಸಂಖ್ಯೆ, ಕೈಗೊಂಡ ಕ್ರಮಗಳನ್ನು ಪುಸ್ತಕವೊಂದರಲ್ಲಿ ಬರೆದಿಟ್ಟರೆ, ಮರುಕಳಿಸುವ ದೋಷ ತಾನಾಗಿ ಕಣ್ಣಿಗೆ ಬೀಳುತ್ತದೆ.

ಬ್ಯಾಕಪ್ ವಿಫಲವಾದಾಗ ಮಾತ್ರವಲ್ಲ, ಸಫಲವಾದಾಗಲೂ ಸಂದೇಶ ಬರುವಂತೆ ಮಾಡಿಸುವುದು ಲೇಸು; ಸಂದೇಶ ಬಾರದ ದಿನವೇ ವಿಚಾರಿಸಬಹುದು. ತಿಂಗಳಿಗೊಮ್ಮೆ ಪರೀಕ್ಷಾರ್ಥ ಎಚ್ಚರಿಕೆಯೊಂದನ್ನು ಕಳುಹಿಸಿ, ಅದು ಹೊಣೆಗಾರರ ಕೈಸೇರಿತೇ ಎಂದು ನೋಡಬೇಕು. ಬ್ಯಾಕಪ್ ಪ್ರತಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಹಿಂದಿನ ದಿನದ ಕೊನೆಯ ಬಿಲ್ಲು ಅದರಲ್ಲಿದೆಯೇ ಎಂಬುದನ್ನು ಮಾಲೀಕರು ಸ್ವತಃ ಪರಿಶೀಲಿಸುವುದು ಉಚಿತ. ಇದಕ್ಕೆ ತಾಂತ್ರಿಕ ಪರಿಣತಿ ಬೇಕಿಲ್ಲ. ತಮ್ಮ ಬಿಲ್ಲಿನ ಗುರುತು ಇದ್ದರೆ ಸಾಕು.