ಪೂರ್ತಿ ಗುಣವಾಗುವವರೆಗೆ ಕಾಯಬೇಕೆ?

ಪ್ರಶ್ನೆ: ಸ್ಕಿಜೋಫ್ರೇನಿಯಾಕ್ಕೆ ಚಿಕಿತ್ಸೆ ಪಡೆಯುತ್ತಿರುವ 27 ವರ್ಷದ ಯುವಕನಿಗೆ ಮಾತ್ರೆಗಳಿಂದ ಬಹುಮಟ್ಟಿಗೆ ಅನುಕೂಲವಾಗಿದ್ದರೂ ಆಗಾಗ ಧ್ವನಿಗಳು ಕೇಳಿಸುವುದು ನಿಂತಿಲ್ಲ. ಕೆಲಸಕ್ಕೆ ಸೇರಬೇಕೆಂಬುದು ಅವನ ಹಟ. ಪೂರ್ತಿ ಗುಣವಾದ ಮೇಲೆ ನೋಡೋಣವೆಂಬುದು ಮನೆಯವರ ಅಭಿಪ್ರಾಯ. ಯಾವುದು ಸರಿ?

ಉತ್ತರ: ಮನೆಯವರ ಆತಂಕ ಸಹಜವೇ, ಆದರೆ ಕಾಯುತ್ತ ಕೂರುವುದರಿಂದ ಆಗುವ ನಷ್ಟವೂ ಸಣ್ಣದಲ್ಲ. ರೋಗಲಕ್ಷಣಗಳು ತಗ್ಗಿ, ನಿದ್ರೆ, ನಡವಳಿಕೆಗಳು ಹಳಿಗೆ ಬರುವುದನ್ನು ಮನೋವೈದ್ಯರು ವೈದ್ಯಕೀಯ ಚೇತರಿಕೆಯೆನ್ನುತ್ತಾರೆ. ಕಾಯಿಲೆಯ ಮಿತಿಗಳು ಉಳಿದಿದ್ದರೂ ವ್ಯಕ್ತಿಯು ತನಗೆ ಒಪ್ಪುವ, ತೃಪ್ತಿ ಕೊಡುವ ಬದುಕನ್ನು ಕಟ್ಟಿಕೊಳ್ಳುತ್ತ ಹೋಗುವುದು ವೈಯಕ್ತಿಕ ಚೇತರಿಕೆ. ಈ ಎರಡನೆಯದನ್ನು ಅಮೆರಿಕದ ವಿಲಿಯಂ ಆಂಥನಿ 1993ರಲ್ಲಿ ಸ್ಪಷ್ಟವಾಗಿ ನಿರೂಪಿಸಿದರು. 2011ರಲ್ಲಿ ಬ್ರಿಟನ್ನಿನ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ ಅದರ ಐದು ಅಂಶಗಳನ್ನು ಗುರುತಿಸಿದರು: ಜನರ ಒಡನಾಟ, ನಾಳೆಯ ಭರವಸೆ, ರೋಗಿಯೆಂಬುದನ್ನು ಮೀರಿದ ಗುರುತು, ಬದುಕಿಗೊಂದು ಅರ್ಥ, ತನ್ನ ವಿಷಯವನ್ನು ತಾನೇ ನಿರ್ಧರಿಸುವ ಶಕ್ತಿ. ಕೋಣೆಯೊಳಗೆ ಉಳಿದವನಿಗೆ ಇವು ದಕ್ಕುವುದು ಕಷ್ಟ. ಕೆಲಸವೊಂದು ಸಿಕ್ಕಿದರೆ ಐದಕ್ಕೂ ದಾರಿಯಾಗುತ್ತದೆ.

ವರ್ಷಗಟ್ಟಲೆ ತರಬೇತಿ ಕೊಟ್ಟು ಆಮೇಲೆ ಕೆಲಸ ಹುಡುಕುವುದಕ್ಕಿಂತ, ಆಸಕ್ತಿಯಿರುವ ಕೆಲಸಕ್ಕೆ ಬೇಗ ಸೇರಿಸಿ, ಸೇರಿದ ಮೇಲೂ ಬೆನ್ನಿಗೆ ನಿಲ್ಲುವ ‘ಬೆಂಬಲಿತ ಉದ್ಯೋಗ’ದ ಕ್ರಮದಿಂದ ಹೆಚ್ಚು ಮಂದಿ ಕೆಲಸ ಪಡೆಯುತ್ತಾರೆಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಸಿದ್ಧತೆಯಂತೂ ಬೇಕು. ರಾತ್ರಿ ನುಂಗಿದ ಮಾತ್ರೆಯ ಮಂಪರು ಬೆಳಿಗ್ಗೆ ಹತ್ತರವರೆಗೂ ಬಿಡದಿದ್ದರೆ ಏಳು ಗಂಟೆಯ ಪಾಳಿಯನ್ನು ಒಪ್ಪಿಕೊಳ್ಳುವ ಬದಲು ಮಾತ್ರೆಯ ಹೊತ್ತನ್ನೋ ಪ್ರಮಾಣವನ್ನೋ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಬೇಕು. ನಿದ್ರೆಗೆಟ್ಟರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚುವುದರಿಂದ ರಾತ್ರಿ ಪಾಳಿ ಬೇಡ. ಕೆಲಸದ ನಡುವೆ ಧ್ವನಿ ಕೇಳಿಸಿದಾಗ ಏನು ಮಾಡಬೇಕೆಂಬುದನ್ನು, ಅಂದರೆ ಪಕ್ಕದವರೊಡನೆ ಮಾತನಾಡುವುದು, ಹೊರಗೆ ನಾಲ್ಕು ಹೆಜ್ಜೆ ಅಡ್ಡಾಡಿ ಬರುವುದು ಮುಂತಾದವನ್ನು, ಅವನೇ ಮೊದಲೇ ಗೊತ್ತುಮಾಡಿಕೊಂಡಿರಲಿ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ಮಾತ್ರ ಸಲ್ಲದು.

ಪ್ರಶ್ನೆ: ಕಾಯಿಲೆ ಮರುಕಳಿಸಿದರೆ ಅವನ ಮಾತಿಗೆ ಬೆಲೆಯಿರುತ್ತದೆಯೇ?

ಉತ್ತರ: ಇರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ನಿರ್ಧಾರ ಕೈಗೊಳ್ಳುವ ಸಾಮರ್ಥ್ಯ ಕುಗ್ಗಿದಾಗ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತನಾಡಬೇಕು ಎಂಬುದನ್ನು ವಯಸ್ಕರು ಮುಂಚಿತವಾಗಿ ಬರೆದಿಡಬಹುದು. ಇದಕ್ಕೆ ಮುಂಗಡ ನಿರ್ದೇಶನವೆನ್ನುತ್ತಾರೆ. ಆರೋಗ್ಯ ಚೆನ್ನಾಗಿರುವಾಗಲೇ ಮನೆಯವರೆಲ್ಲ ಕೂತು ಇದನ್ನು ಚರ್ಚಿಸಿದರೆ, ನಿದ್ರೆ ಕೆಡುವುದು, ಸಂಶಯ ಹೆಚ್ಚುವುದು ಮೊದಲಾದ ಮುನ್ಸೂಚನೆಗಳು ಕಂಡೊಡನೆ ಜಗಳವಿಲ್ಲದೆ ವೈದ್ಯರ ಬಳಿಗೆ ಹೋಗಲು ಸಾಧ್ಯವಾಗುತ್ತದೆ. ಗಳಿಸಿದ ಸಂಬಳವನ್ನೂ ಅವನ ಕೈಗೇ ಕೊಡಬೇಕು; ಖರ್ಚಿನಲ್ಲಿ ಆಗುವ ಸಣ್ಣಪುಟ್ಟ ತಪ್ಪುಗಳನ್ನು ಮನೆಯವರು ಸಹಿಸಿಕೊಳ್ಳಲೇಬೇಕು.

ಪುನರ್ವಸತಿ ಸೇವೆಗಳ ಬಗ್ಗೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಚಾರಿಸಬಹುದು. ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ಸಿಗುತ್ತದೆ.