ಬೆರಳ ಗಿಣ್ಣುಗಳ ನೋವು: ಸವೆತವೋ, ಉರಿಯೂತವೋ?

ಕಳೆ ಕೀಳುವುದು, ಕುಯ್ಲು ಮಾಡುವುದು, ಹಾಲು ಕರೆಯುವುದು ಮುಂತಾದ ಕೆಲಸಗಳಲ್ಲಿ ಬೆರಳುಗಳಿಗೆ ಬಿಡುವೇ ಇರುವುದಿಲ್ಲ. ಆದ್ದರಿಂದ ಗಿಣ್ಣುಗಳು ನೋಯತೊಡಗಿದಾಗ ‘ವಾಯು’ ಎಂದೋ, ‘ವಯಸ್ಸಾಯಿತು’ ಎಂದೋ ಸುಮ್ಮನಾಗುವವರೇ ಹೆಚ್ಚು. ಈ ನೋವಿನಲ್ಲಿ ಮುಖ್ಯವಾಗಿ ಎರಡು ಬಗೆಗಳಿದ್ದು, ಅವುಗಳನ್ನು ಬೇರೆಬೇರೆಯಾಗಿ ಗುರುತಿಸುವುದು ಅತ್ಯವಶ್ಯಕ.

ಮೂಳೆಗಳು ಕೂಡುವಲ್ಲಿರುವ ನುಣುಪಾದ ಮೃದ್ವಸ್ಥಿ ಸವೆಯುವುದರಿಂದ ಬರುವುದು ಸವೆತದ ಸಂಧಿವಾತ. ಸಾಮಾನ್ಯವಾಗಿ 45-50 ವರ್ಷ ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಬೆರಳ ತುದಿಯ ಮತ್ತು ನಡುವಿನ ಗಿಣ್ಣುಗಳು ಹಾಗೂ ಹೆಬ್ಬೆರಳಿನ ಬುಡ ನೋಯುತ್ತವೆ. ಗಿಣ್ಣಿನ ಮೇಲೆ ಗಟ್ಟಿ ಗಂಟುಗಳೇಳಬಹುದು. ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಕೈಯಿಟ್ಟು ಬೆರಳುಗಳನ್ನು ನಿಧಾನವಾಗಿ ಮಡಿಸಿ ಬಿಡಿಸುವುದು, ಡೈಕ್ಲೋಫೆನಾಕ್ ಮುಲಾಮು ಸವರುವುದು, ಹೆಬ್ಬೆರಳಿಗೆ ಆಸರೆಯ ಪಟ್ಟಿ ಕಟ್ಟುವುದು—ಇವುಗಳಿಂದ ಬಹುಮಟ್ಟಿಗೆ ಉಪಶಮನ ದೊರೆಯುತ್ತದೆ.

ಎರಡನೆಯದಾದ ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪದರವನ್ನು ಕೆಡಿಸುತ್ತದೆ. ಇದು 30ರ ಪ್ರಾಯದಲ್ಲಿಯೂ ಬರಬಹುದು. ಎರಡೂ ಕೈಗಳ ಮಣಿಕಟ್ಟು, ಬೆರಳ ಬುಡದ ಗಿಣ್ಣುಗಳು ಮೆತ್ತಗೆ ಊದಿಕೊಳ್ಳುತ್ತವೆ. ಎದ್ದು ಒಂದು ಗಂಟೆಯಾದರೂ ಮುಷ್ಟಿ ಕಟ್ಟಲಾಗುವುದಿಲ್ಲ, ಆಯಾಸವೂ ಇರುತ್ತದೆ. ಹೀಗಾದಲ್ಲಿ ತಡಮಾಡದೆ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿರಿ. ತಿಂಗಳುಗಟ್ಟಲೆ ಕಾದರೆ ಬೆರಳುಗಳು ಸೊಟ್ಟಗಾಗಬಹುದು. ಆ ಮೇಲೆ ಔಷಧಿಯಿಂದ ಅವು ನೆಟ್ಟಗಾಗುವುದಿಲ್ಲ. (2006ರಲ್ಲಿ ನಮ್ಮ ರಾಜ್ಯದಲ್ಲಿ ಹಬ್ಬಿದ ಚಿಕುನ್‌ಗುನ್ಯಾ ಜ್ವರದ ನಂತರವೂ ಅನೇಕರಿಗೆ ಇಂಥ ನೋವು ಬಹುಕಾಲ ಉಳಿದಿತ್ತು. ಹಿಂದೆ ಜ್ವರ ಬಂದಿದ್ದರೆ ವೈದ್ಯರಿಗೆ ತಿಳಿಸಿರಿ.)

ಇದಕ್ಕೆ ಸಾಮಾನ್ಯವಾಗಿ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ವಾರದಲ್ಲಿ ಒಂದೇ ದಿನ ಸೇವಿಸಬೇಕು. ನೋವು ಹೆಚ್ಚೆಂದು ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಗರ್ಭಿಣಿಯರು ಇದನ್ನು ಸೇವಿಸಲೇಬಾರದು. ಗುಣ ಕಾಣಲು ಒಂದೂವರೆಯಿಂದ ಮೂರು ತಿಂಗಳು ಹಿಡಿಯುತ್ತದೆ. ಈ ಅವಧಿಯಲ್ಲೇ ಅನೇಕರು ಬೇಸತ್ತು ಸಂತೆಯ ಹೆಸರಿಲ್ಲದ ಪುಡಿಗಳಿಗೆ ಮೊರೆಹೋಗುತ್ತಾರೆ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ನೋವೇನೋ ಬೇಗ ಇಳಿಯುತ್ತದೆ. ಆದರೆ ಬಹುದಿನ ತಿಂದರೆ ಸಕ್ಕರೆ ಕಾಯಿಲೆ ಬರಬಹುದು, ಮೂಳೆ ಟೊಳ್ಳಾಗಬಹುದು.

ನೋವು ಯಾವ ಬಗೆಯದಾದರೂ ಗಿಣ್ಣಿನ ಮೇಲಿನ ಭಾರವನ್ನು ತಗ್ಗಿಸಬೇಕು. ಕುಡುಗೋಲಿನ ಹಿಡಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಿದರೆ ಬಿಗಿಯಾಗಿ ಅದುಮುವ ಅಗತ್ಯವಿರುವುದಿಲ್ಲ. ತುಂಬಿದ ಕೊಡವನ್ನು ಬೆರಳಿಗೆ ತಗುಲಿಸದೆ ಸೊಂಟದ ಮೇಲೆ ಹೊರಿರಿ. ಹೆಬ್ಬೆರಳು ಮಡಿಸಿ ಅದರ ಗಿಣ್ಣಿನಿಂದ ಅದುಮಿ ಹಾಲು ಕರೆಯುವ ರೂಢಿ ಕೈಗೂ ಹಿತವಲ್ಲ, ಹಸುವಿನ ಮೊಲೆತೊಟ್ಟಿಗೂ ಹಿತವಲ್ಲ. ತೊಟ್ಟನ್ನು ಇಡೀ ಅಂಗೈಯಲ್ಲಿ ಹಿಡಿದು, ಮೇಲಿನ ಬೆರಳಿನಿಂದ ಕೆಳಕ್ಕೆ ಒಂದೊಂದಾಗಿ ಒತ್ತುತ್ತಾ ಕರೆಯಿರಿ.