ಮೊಂತಿ ಹಬ್ಬ ಮತ್ತು ಹೊಸ ಅಕ್ಕಿ

ಬಾಂದ್ರಾ ಜಾತ್ರೆಗೆ ಹೋಗಿಬರುವವರು ನಮ್ಮ ಕಲ್ಯಾಣ, ಡೊಂಬಿವಲಿಗಳಲ್ಲಿ ಹಲವರಿದ್ದಾರೆ. ಆ ಜಾತ್ರೆಗೆ ಮೂಲವಾದ ಹಬ್ಬವೇ ದಕ್ಷಿಣ ಕನ್ನಡದ ಕಥೋಲಿಕರಿಗೆ ತೆನೆಹಬ್ಬವೂ ಆಗಿದೆಯೆಂಬುದು ಎಲ್ಲರಿಗೂ ತಿಳಿದಿರಲಾರದು.

ಸೆಪ್ಟೆಂಬರ್ 8 ಏಸುವಿನ ತಾಯಿ ಮರಿಯಮ್ಮನವರ ಜನ್ಮೋತ್ಸವ. ಬಾಂದ್ರಾದಲ್ಲಿ ಇದರ ಜಾತ್ರೆ ಮುಂದಿನ ಭಾನುವಾರದಿಂದ ಒಂದು ವಾರ ನಡೆಯುತ್ತದೆ. ಮಂಗಳೂರಿನ ಕಡೆ ಇದನ್ನು ಮೊಂತಿ ಹಬ್ಬವೆನ್ನುತ್ತಾರೆ. ಪೋರ್ಚುಗೀಸಿನಲ್ಲಿ ‘ಮೊಂತೆ’ ಎಂದರೆ ಬೆಟ್ಟ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಇಗರ್ಜಿಗೆ ಹೂ ಒಯ್ದು ಬಾಲ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಪಾದ್ರಿಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಅದರ ಕಾಳನ್ನು ಸುಲಿದು, ಅರೆದು, ತೆಂಗಿನ ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಕೂಡಿ ಸೇವಿಸುತ್ತಾರೆ. ಅಂದು ತರಕಾರಿಯ ಊಟ; ಮೀನು ಮಾಂಸವಿಲ್ಲ. ಕುಂದಾಪುರದ ಕಡೆಯ ‘ಹೊಸ್ತು’ ಬಲ್ಲವರಿಗೆ ಇದು ಪರಕೀಯವೆನಿಸದು.

ಊರು ಬಿಟ್ಟವರ ಪಾಲನ್ನೂ ಮರೆಯುವುದಿಲ್ಲ. ಒಣಗಿಸಿದ ನಾಲ್ಕು ಕಾಳು ಅಂಚೆಯಲ್ಲಿ ಬರುತ್ತವೆ. ಕಳೆದ ವರ್ಷ ನನ್ನ ಕೋಣೆಯ ಮಿತ್ರರಿಗೆ ಅಂಥ ಲಕೋಟೆ ಬಂತು. ರಜೆ ಸಿಗದೆ ಮೂರು ವರ್ಷದಿಂದ ಊರು ಕಾಣದವರು ಅವರು. ರಾತ್ರಿ ಪಾಳಿಗೆ ಹೊರಡುವ ಮುನ್ನ ಒಬ್ಬರೇ ಕುಳಿತು ಕಾಳು ಅರೆಯುತ್ತಿದ್ದರು. “ಕೂಡಿ ಉಣ್ಣಬೇಕಾದದ್ದು, ನಿಮ್ಮನ್ನು ಕರೆಯಲು ಸಂಕೋಚವಾಯಿತು” ಎಂದರು. ನಾನೂ ವಿಜಾಪುರದ ಇನ್ನೊಬ್ಬರೂ ಲೋಟ ಹಿಡಿದು ಪಕ್ಕದಲ್ಲಿ ಕುಳಿತೆವು. ಅಂದು ಅವರು ಪಾಳಿಗೆ ಹತ್ತು ನಿಮಿಷ ತಡವಾಗಿ ಹೋದರು.

ನಿಮ್ಮ ಚಾಳಿನಲ್ಲಿಯೂ ಅಂಥವರಿದ್ದಾರೆಯೇ, ವಿಚಾರಿಸಿರಿ. ಅವರು ಕರೆಯಲು ಸಂಕೋಚಪಟ್ಟರೆ ನಾವೇ ಹೋಗಿ ಕುಳಿತುಕೊಳ್ಳೋಣ.